ಅಂಗಿ ಮಾತ್ರ ಇತ್ತು

ಕಬ್ಬಿನಿಂದ ಬಟ್ಟೆ, ಅಂದಳು ಹುಡುಗಿ.
ತೇಜಾವತಿ, ಮೈಸೂರಿನ ಪ್ರಯೋಗಶಾಲೆಯವಳು,
ಹೆಗಲ ಮೇಲೆ ಸುರುಳಿ ಸುತ್ತಿದ ಆರು ಗಜ.
ನಾನು ನಕ್ಕೆ.
ಪಾಂಡವಪುರದಲ್ಲಿ ಕಬ್ಬು ಬೆಲ್ಲವಾಗುತ್ತದೆ, ಸಕ್ಕರೆಯಾಗುತ್ತದೆ,
ರಸ್ತೆ ತುಂಬ ಸಿಪ್ಪೆಯಾಗುತ್ತದೆ,
ಟ್ರಾಕ್ಟರಿನಿಂದ ಜಲ್ಲೆ ಎಳೆದ ಹುಡುಗರ ತುಟಿಯಲ್ಲಿ ಗಾಯವಾಗುತ್ತದೆ.
ಅಂಗಿ ಯಾವಾಗ ಆಯಿತಮ್ಮ?

ಸ್ಟೂಲೆಳೆದು ಕೂತು ಹೇಳಿದಳು:
ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಬ್ಬಿನ ಸಕ್ಕರೆಗೂ ಹಾಕಿದರೆ
ಮೊಸರಿನದೇ ಹುಳಿ;
ಆ ಹುಳಿಯ ಕಣಗಳು ಕೈಕೈ ಹಿಡಿದು ನಿಂತರೆ ಬಿಳಿಯ ಮಣಿ;
ಮಣಿ ಕರಗಿಸಿ ಶಾವಿಗೆಯಂತೆ ಒತ್ತಿದರೆ ಎಳೆ.
"ಪಾಲಿಯೆಸ್ಟರೇ ದಸ್ತಗೀರಣ್ಣ. ಆದರೆ ಗಿಡದ್ದು,
ಮಣ್ಣಿಗೆ ಮರಳುವಂಥದು."

ಪಾಲಿಯೆಸ್ಟರು ನನಗೆ ಗೊತ್ತು.
ಮೂವತ್ತೊಂದು ವರ್ಷದ ಕತ್ತರಿ ತುಂಡುಗಳು
ಹಿತ್ತಲ ಚರಂಡಿಯಲ್ಲಿ ಇವತ್ತಿಗೂ ಬಣ್ಣ ಬಿಟ್ಟಿಲ್ಲ.
ಒಂದು ಸಲ ಹೂಳೆತ್ತುವಾಗ ಸಿಕ್ಕಿತು
ಡ್ರಿಲ್ ಮೇಷ್ಟರ ಪ್ಯಾಂಟಿನ ನೀಲಿ ಪಟ್ಟಿ.
ಮೇಷ್ಟರು ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಕತ್ತರಿಗೆ ತಣ್ಣಗೆ ಸಿಕ್ಕಿತು ಹೊಸ ಬಟ್ಟೆ.
ಕಾಲರಿಗೆ ಇಸ್ತ್ರಿ ಇಟ್ಟೆ, ಇದ್ದಿಲಿನದು, ಕೈಯ ಅಭ್ಯಾಸ.
ಹಪ್ಪಳದಂತೆ ಮುದುಡಿಕೊಂಡಿತು.
ಅಂಗಡಿ ತುಂಬ ಕೊಪ್ಪರಿಗೆಗೆ ತಳಹಿಡಿದ ಬೆಲ್ಲದ ವಾಸನೆ,
ಅಥವಾ ನನಗೇ ಹಾಗನಿಸಿತೋ.
ಬೈಯಲಿಲ್ಲ ಹುಡುಗಿ. ಪುಸ್ತಕ ತೆಗೆದು ಬರೆದುಕೊಂಡಳು.

ಎರಡನೆಯದನ್ನು ತೊಟ್ಟವನು ಆಲೆಮನೆಯ ಕೆಂಪುಸಿದ್ದ,
ಒಂದು ಹಂಗಾಮು ಪೂರ್ತಿ.
"ಬೆವ್ರು ಕುಡಿಯಾಕಿಲ್ಲ ಕಣಣ್ಣೋ, ಬಿರ್ನೆ ಒಣಗ್ತದೆ."
ಒಲೆಯ ಕಿಡಿ ಸಿಡಿದಲ್ಲೆಲ್ಲ ಎಳ್ಳಿನಷ್ಟು ತೂತು.

ಆಮೇಲೆ ಹೂಳಿದೆವು.
ನಾಲೆಯ ಬದಿಗೆ ಒಂದು ತೋಳು;
ಉಳಿದದ್ದು ಕಾರ್ಖಾನೆಯ ಹಿಂದಿನ ಗೊಬ್ಬರದ ಗುಡ್ಡಕ್ಕೆ.
ಮಡ್ಡಿ, ಬೂದಿ, ಕೊಳೆತ ಸೋಗೆ, ಒಳಗೊಳಗೇ ಬೇಯುವ ಗುಡ್ಡ;
ಮೇಲೆ ಕೈಯಿಟ್ಟರೆ ಜ್ವರದ ಮಗುವಿನ ಹಣೆ,
ಒಳಗೆ ಅವಳ ಕಡ್ಡಿ ತೋರಿಸಿದ್ದು ಐವತ್ತೆಂಟು ಡಿಗ್ರಿ.

ನಾಲ್ಕು ತಿಂಗಳಿಗೆ ನಾಲೆಯ ತೋಳು ತೆಗೆದೆವು.
ಕೆಸರು ಕೊಡವಿದರೆ, ಹಾಗೇ ಇತ್ತು. ತೊಡಬಹುದಿತ್ತು.
"ಮರಳುತ್ತೆ ಅಂದೆಯಲ್ಲ?"
"ಬಿಸಿ ಬೇಕಣ್ಣ. ಎಲ್ಲೆಂದರಲ್ಲಿ ಬಿಸಾಕಿದರೆ ಇದಕ್ಕೂ ಹಠ."
ತಿಪ್ಪೆ ಸಾರಿಸುವ ಮಾತಾಡಲಿಲ್ಲ.
ನಾನು ಅವಳನ್ನು ನಂಬಿದ್ದು ಅಲ್ಲಿಂದ.

ಗುಡ್ಡವನ್ನು ನಾನೇ ಕೆದಕಿದೆ, ಬೆರಳಿನಿಂದ, ಮೆಲ್ಲಗೆ.
ಬಟ್ಟೆ ಇರಲಿಲ್ಲ.
ಅಂಗಿ ಮಾತ್ರ ಇತ್ತು:
ಕಾಲರಿನ ಸುತ್ತು, ಜೇಬಿನ ಮೂರು ಬದಿ,
ಗುಂಡಿಮನೆಗಳ ಸಾಲುಗಣ್ಣು,
ಕಂಕುಳಡಿ ಎರಡೆರಡು ಸಲ ಓಡಿಸಿದ ಗೆರೆ.
ನನ್ನ ದಾರ.
ಸಂತೆಬೀದಿಯಲ್ಲಿ ಡಜನ್ ಲೆಕ್ಕದಲ್ಲಿ ತರುವ ಬಿಳಿ ಪಾಲಿಯೆಸ್ಟರ್ ದಾರ
ಕಪ್ಪು ಗೊಬ್ಬರದಲ್ಲಿ, ತಿಂದಿಟ್ಟ ಮೀನಿನ ಮುಳ್ಳಿನಂತೆ.
ಯಾವ ದಾರ ಎಂದು ಅವಳು ಕೇಳಿರಲಿಲ್ಲ,
ನನಗೂ ಹೊಳೆದಿರಲಿಲ್ಲ.
ದಸ್ತಗೀರನ ಹೊಲಿಗೆ ಬಿಡೋದಿಲ್ಲ ಅನ್ನುತ್ತಿದ್ದರು ಊರವರು.
ನಾನೂ ಬೀಗುತ್ತಿದ್ದೆ.

ಅಬ್ಬಾ ಒಮ್ಮೆ ಅಂದಿದ್ದರು, ಬೀಡಿ ಹಚ್ಚುತ್ತ:
ಕಫನಿಗೆ ಹೊಲಿಗೆ ಇಲ್ಲ ಮಗಾ, ಅಲ್ಲಿ ದರ್ಜಿಗೆ ಕೆಲಸವಿಲ್ಲ.
ಕೂಲಿ ತಪ್ಪಿದವನ ಗೊಣಗೆಂದುಕೊಂಡಿದ್ದೆ.

ತೇಜಾವತಿ ಆ ಗೂಡನ್ನು ಹಳೆ ಪೇಪರಿನ ಮೇಲೆ ಹರವಿ
ಫೋಟೊ ತೆಗೆದು ಐದೂಕಾಲರ ಬಸ್ಸು ಹಿಡಿದಳು.
ಮುಂದಿನ ಸಲ ದಾರ ತರುತ್ತಾಳಂತೆ, ಅದೂ ಕಬ್ಬಿನದು.
ಓಟದ ಕಾವಿಗೆ ಸೂಜಿಯಲ್ಲೇ ಕರಗೀತು ಅಂದೆ.
ಹಾಗಾದರೆ ನಿಧಾನ ತುಳಿಯಿರಿ ಅಣ್ಣ, ಅಂದಳು, ಬಸ್ಸಿನ ಕಿಟಕಿಯಿಂದ.

ಮೋಟಾರು ಕಳಚಿಟ್ಟಿದ್ದೇನೆ.
ಹಳೆಯ ಪೆಡಲಿಗೆ ಎಣ್ಣೆ ಬಿಟ್ಟಿದ್ದೇನೆ.